ಆರು ಕೋಳಿ, ನಾಲ್ಕರ ನಿಯಮ

ಗುರುವಾರ, ಬೆಳಿಗ್ಗೆ

ಅಮ್ಮಾ,

ಕೋಳಿಗಳೆಲ್ಲ ಚೆನ್ನಾಗಿವೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಮುಂದಕ್ಕೆ ಓದುವುದಿಲ್ಲ. ಅಲ್ಲಿ ಅಕ್ಕನ ಮುರಿದ ಕಾಲು ಹೇಗಿದೆ? ಫೋನಿನಲ್ಲಾದರೆ ನೀನು ಮೊದಲು ಬೈದು ಆಮೇಲೆ ಕೇಳುತ್ತೀಯ, ಅದಕ್ಕೇ ಈ ಪತ್ರ.

ನಗರಸಭೆಯ ನೋಟಿಸಿನ ವಿಷಯ ಗೊತ್ತಲ್ಲ: ಒಂದು ಮನೆಗೆ ನಾಲ್ಕೇ ಕೋಳಿ, ಗೂಡು ಪಕ್ಕದವರ ಗೋಡೆಯಿಂದ ಹತ್ತು ಅಡಿ ದೂರ. ನಮ್ಮವು ಆರು. ವಾರದೊಳಗೆ ಸರಿಮಾಡದಿದ್ದರೆ ಎರಡನ್ನು ಹಿಡಿದುಕೊಂಡು ಹೋಗುತ್ತಾರಂತೆ. ಯಾವ ಎರಡು? ಕುಂಟಿಯನ್ನು ಕೊಟ್ಟರೆ ನೀನು ನನ್ನನ್ನು ಮನೆಗೆ ಸೇರಿಸುವುದಿಲ್ಲ. ಮೊಟ್ಟೆ ನಿಲ್ಲಿಸಿದ ಮುದುಕಿಯನ್ನು ಯಾರು ಒಯ್ದರೂ ಒಲೆಗೇ.

ನೀನು ಪಕ್ಕದ ಮನೆ ಟೈಲರ್ ಮಾಮನಿಗೆ ಫೋನ್ ಮಾಡಿ, "ಹತ್ತು ವರ್ಷ ನಮ್ಮ ಮೊಟ್ಟೆ ತಿಂದು ನಮ್ಮ ಮೇಲೇ ದೂರು ಕೊಟ್ರಲ್ಲಾ" ಅಂದಾಗ ನಾನು ಅವರ ಅಂಗಡಿಯಲ್ಲೇ ಇದ್ದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು "ಹೂಂ, ಹೂಂ" ಅಂದರು, ಅಷ್ಟೇ.

ಮರುದಿನ ಟೇಪು ಕೊರಳಿಗೆ ಹಾಕಿಕೊಂಡು ಅವರೇ ಬಂದರು. ಅಳೆದರೆ ಒಂಬತ್ತು ಅಡಿ ಹತ್ತು ಇಂಚು. ಎರಡಿಂಚು ತಾನೇ, ಬಿಡಿ ಮಾಮಾ ಅಂದೆ.

"ರವಿಕೆ ಆಗಿದ್ರೆ ಹೊಲಿಗೆ ಬಿಚ್ಚಿ ಎರಡಿಂಚು ಕೊಡ್ತಿದ್ದೆ ಮಗಾ. ಗೋಡೆಗೆಲ್ಲಿದೆ ಹೊಲಿಗೆ? ಹಿಡಿ ಆ ಕಡೆ" ಅಂದರು.

ಗೂಡು ಸರಿಸಿದೆವು. ಆಮೇಲೆ, "ಮನೆಗೆ ನಾಲ್ಕು ತಾನೇ? ನಮ್ಮದೂ ಒಂದು ಮನೆನೇ" ಅಂದು, ಕೋಳಿ ಕೂಗಿದರೆ ಕಿಟಕಿ ಹಾಕುವ ಮನುಷ್ಯ ಕುಂಟಿಯನ್ನೂ ಮುದುಕಿಯನ್ನೂ ಕಂಕುಳಲ್ಲಿ ಇರುಕಿಕೊಂಡು ಹೋದರು! ಹಳೇ ಮಷಿನ್ ಮೇಜಿನ ಕೆಳಗೆ ಜಾಲರಿ ಹೊಡೆದು ಗೂಡು ಮಾಡಿದ್ದಾರೆ. ನಮ್ಮ ಗೋಡೆಯಿಂದ ಹತ್ತು ಅಡಿ ಎರಡಿಂಚು.

ನಿನ್ನೆ ಇನ್ಸ್‌ಪೆಕ್ಟರ್ ಬಂದು ಎರಡೆರಡು ಸಲ ಎಣಿಸಿ, ಮಿಕ್ಕ ಎರಡು ಎಲ್ಲಿ ಅಂತ ಕೇಳಿದರು. ಗೋಡೆಯಾಚೆಯಿಂದ ಮಾಮ, "ಅವು ನಮ್ಮವು ಸಾರ್" ಅಂದರು. ಸಹಿ ಆಯಿತು.

ನಿನ್ನ ಮಗಳು,
ಪುಟ್ಟಿ

ಮರೆತದ್ದಲ್ಲ, ಮುಂದೂಡಿದ್ದು: ದೂರು ಯಾರೂ ಕೊಟ್ಟಿರಲಿಲ್ಲ. ಬೀದಿಯ ಗ್ರೂಪಿಗೆ ಫೋಟೋ ಹಾಕಿ 'ನಮ್ಮ ಆರು ರಾಣಿಯರು' ಅಂತ ಬರೆದವಳು ನಾನೇ. ಇನ್ಸ್‌ಪೆಕ್ಟರೂ ಅದೇ ಗ್ರೂಪಿನಲ್ಲಿದ್ದಾರೆ. ಫೋಟೋಗೆ ಮೊದಲ ಲೈಕು ಟೈಲರ್ ಮಾಮನದ್ದು. ಅಂದರೆ ನೀನು ಬೈಯುವಾಗ ಅವರಿಗೆ ಎಲ್ಲ ಗೊತ್ತಿತ್ತು. ನಾನು ಎದುರಿಗೇ ನಿಂತಿದ್ದೆ. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನನ್ನು ಬಂದ ಮೇಲೆ ಬೈಯಿ. ಮೊದಲು ಅವರಿಗೊಂದು ಫೋನ್ ಮಾಡು.