ಹಾಲ್ಗ್ರಿಮನ ದಿಬ್ಬ

ಮಾನ್ ದ್ವೀಪ,
ಕುರಿಗಳ ಉಣ್ಣೆ ಕತ್ತರಿಸುವ ವಾರ

ಡಬ್ಲಿನ್‌ನಲ್ಲಿ ಬಾಚಣಿಗೆ ಮಾಡುವವನ ಕೈಹಿಡಿದು ನನ್ನನ್ನು ಮರೆತ ಮೊಮ್ಮಗಳು ಅಸ್ತ್ರಿದ್‌ಗೆ ಅಜ್ಜಿಯ ಮುದ್ದು.

ನಿನ್ನ ತಾತ ಹಾಲ್ಗ್ರಿಮ ತೀರಿಕೊಂಡರು. ನರಳಲಿಲ್ಲ. ಮೀನಿನ ಸಾರು ಉಪ್ಪಾಯಿತೆಂದು ಬೈದು ಮಲಗಿದವರು ಏಳಲಿಲ್ಲ.

ಹಾಳು ಗಳಿಗೆ, ಅವರ ಅಣ್ಣನ ಮಗ ಕೋಲ್ಬೈನ್ ಸಾಣೆಕಲ್ಲು ಮಾರಲು ನಾರ್ವೆಯಿಂದ ಬಂದು ಇಲ್ಲೇ ಇದ್ದ. ಸಾವಿನ ಮನೆಯಲ್ಲಿ ನನ್ನ ಬಿಯರನ್ನೇ ಕುಡಿಯುತ್ತ ಕೇಳಿದ, "ಅಲ್ಲ ಚಿಕ್ಕಮ್ಮ, ಚಿಕ್ಕಪ್ಪನ್ನ ಎಲ್ಲಿ ಹೂಳ್ತೀರಿ? ಚರ್ಚಿನಂಗಳದಲ್ಲಾದ್ರೆ ಹೊಲ ನಂದು."

ಅವನು ಹೇಳಿದ್ದು ಸುಳ್ಳಲ್ಲ. ನಾರ್ವೆಯ ಅವರ ಜನರಲ್ಲಿ ಹೊಲದ ಹಕ್ಕಿಗೆ ಸಾಕ್ಷಿ ಆ ಹೊಲದಲ್ಲೇ ಹೂತ ಹಿರಿಯನ ಮೇಲೆ ಎಬ್ಬಿಸಿದ ಮಣ್ಣಿನ ದಿಬ್ಬ. ಅದಿಲ್ಲದಿದ್ದರೆ ಹೊಲ ದಾಯಾದಿಯ ಪಾಲು. ನಿನ್ನ ಅಮ್ಮನೂ ಹೋದಮೇಲೆ ನಮಗೆ ಉಳಿದವಳು ನೀನೊಬ್ಬಳು.

ನಿನ್ನ ತಾತ ಮೊದಲು ಬಂದದ್ದು ನಮ್ಮ ದನ ಹೊಡೆದುಕೊಂಡು ಹೋಗಲು. ಹೋಗದೆ ಉಳಿದರು. ಮೂರು ಹಡಗಿಗೆ ನಾಯಕರಾಗಿದ್ದವರು ನನ್ನಪ್ಪನ ಹತ್ತಿರ ಉಳುವುದು ಕಲಿತರು. ಸಾಲು ಕೊನೆತನಕ ಸೊಟ್ಟವೇ. ಕ್ರೈಸ್ತರೊಡನೆ ವ್ಯಾಪಾರಕ್ಕೆಂದು ಪಾದ್ರಿಯಿಂದ ಶಿಲುಬೆಯ ಗುರುತು ಹಾಕಿಸಿಕೊಂಡರು, ಕಡಲಿಗಿಳಿದರೆ ತಮ್ಮ ಹಳೆಯ ದೇವರು ಥೋರನನ್ನೇ ಕೂಗುತ್ತಿದ್ದರು. ಹಾಗಿರುವಾಗ ಯಾವ ಕಡೆಯವರೆಂದು ನಾನೇನು ಹೇಳಲಿ?

ಬಂದರು ಕಾಣುವ ಮೇಲ್ಹೊಲದಲ್ಲಿ ದಿಬ್ಬ ಎಬ್ಬಿಸಿದೆ. ದೋಣಿಯನ್ನು ಗುಂಡಿಗಿಳಿಸಿದರು. ಕತ್ತಿಯನ್ನು ಇನ್ನೊಬ್ಬರು ಬಳಸದಂತೆ ಕಮ್ಮಾರ ಬಗ್ಗಿಸಿಟ್ಟ. ಹಾಯಿಬಟ್ಟೆಯಲ್ಲಿ ಸುತ್ತಿದ್ದನ್ನು ತಾತನ ಹಳೆಯ ಜೊತೆಗಾರರು ತುಟಿ ಬಿಚ್ಚದೆ ಹೊತ್ತರು. ಕೋಲ್ಬೈನ್ ಒಮ್ಮೆ ಮುಖ ನೋಡಬೇಕೆಂದ.

"ಮೂರು ದಿನದ್ದಪ್ಪ, ನೀನೇ ಬಿಚ್ಚು" ಅಂದೆ.

ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಊರಸಭೆಯಲ್ಲಿ ಹೊಲ ನಿನ್ನದೆಂದು ತೀರ್ಮಾನವಾಯಿತು. ಅವನು ಊರಿಗೆ ಹೋದ, ಸಾಣೆಕಲ್ಲು ಕಡಿಮೆಯಿವೆಯೆಂದು ಗೊಣಗುತ್ತ.

ಸುಗ್ಗಿಗೆ ಬಾ. ನಿನ್ನ ಗಂಡ ಬರಿಗೈಯಲ್ಲಿ ಬಾರದೆ ನನಗೊಂದು ಹೇನಿನ ಬಾಚಣಿಗೆ ತರಲಿ.

ಹಲ್ಲಿಲ್ಲದಿದ್ದರೂ ಬಾಯಿ ಗಟ್ಟಿಯಿರುವ ನಿನ್ನ ಅಜ್ಜಿ,
ಮುಯಿರೆನ್

ತಾ.ಕ.: ಓದಿ ಒಲೆಗೆ ಹಾಕು. ಬಂದಾಗ ಊರವರು ನಿನ್ನನ್ನು ದಿಬ್ಬಕ್ಕೆ ಕರೆದೊಯ್ಯುತ್ತಾರೆ, ಅಲ್ಲಿ ಚೆನ್ನಾಗಿ ಅಳು. ಒಳಗಿರುವುದು ಚಿಕ್ಕಂದಿನಲ್ಲಿ ನಿನ್ನನ್ನು ಗುದ್ದಿ ಕೆಡವಿದ ಆ ಮುದಿ ಟಗರು, ತೂಕಕ್ಕೆ ಕೋಲ್ಬೈನನ ಸಾಣೆಕಲ್ಲು. ಆಮೇಲೆ ಒಬ್ಬಳೇ ಚರ್ಚಿನ ಗೋಡೆ ಪಕ್ಕಕ್ಕೆ ಹೋಗು. ಜ್ವರದಲ್ಲಿ ಹೋದ ನನ್ನ ಕಿರಿಮಗಳು ಸೋರ್ಖಾಳ ಪುಟ್ಟ ಕಲ್ಲು ಅಲ್ಲಿದೆ. "ನನ್ನನ್ನ ಅವಳ ಪಕ್ಕ ಇಡು ಮುದುಕಿ, ಕತ್ತಲೆ ಅಂದ್ರೆ ಹೆದರ್ತಾಳೆ" ಎಂದು ನಿನ್ನ ತಾತ ಪ್ರತಿ ಚಳಿಗಾಲವೂ ಹೇಳುತ್ತಿದ್ದರು. ಇಟ್ಟಿದ್ದೇನೆ.