ಮೊದಲನೇ ಡಿಸ್ಕ್

ಅ. 6, ಸೋಮವಾರ

ಮತ್ತೆ ಎಡಪ್ಪಾಡಿಗೆ ರಿಪೇರಿ ಕಾಲ್. ಸೇಲಂನಿಂದ ಬಸ್ಸಿನಲ್ಲಿ ನಿಂತೇ ಹೋದೆ. ಅಂಜಮ್ಮನ ಮಗ್ಗದ ಕಂಪ್ಯೂಟರ್ ಏಳುತ್ತಿಲ್ಲ. ಆಯುಧಪೂಜೆಗೆಂದು ಆಫ್ ಮಾಡಿದ್ದರಂತೆ. ಆಮೇಲೆ ಆನ್ ಮಾಡಿದರೆ ಒಂದೇ ಮಾತು — ಸಿಸ್ಟಮ್ ಇಲ್ಲ. ಸೀರೆಯ ಡಿಸೈನೆಲ್ಲ ಅದರೊಳಗೆ. ಮಾಡಿದ್ದು ಅವರ ಗಂಡ ಪಳನಿ. ತೀರಿಹೋಗಿ ವರ್ಷವಾಗಿಲ್ಲ. ಬೇರೆ ಕಾಪಿ ಇಲ್ಲ.

"ಅವ್ರು ಮಾಡಿದ್ದೆಲ್ಲಾ ಓಗ್ಬುಡ್ತಾ, ಕಣ್ಣು?"

ಅಕ್ಕರೆಗೆ ಅವರು ನನ್ನನ್ನು ಕರೆಯುವುದೇ ಕಣ್ಣು ಎಂದು. ಗೊತ್ತಿಲ್ಲ ಎಂದೆ. ಸ್ವಲ್ಪ ಸಿಡುಕಿಯೇ.

ಮ್ಯಾನೇಜರ್ ಮಾಧವ ಫೋನಿನಲ್ಲಿ, "ಡಿಸ್ಕ್ ಓಗಿರ್ತೈತೆ. ಫಾರ್ಮ್ಯಾಟ್ ಮಾಡ್ಬುಟ್ಟು ಬಾಮ್ಮಾ." ಎಲ್ಲ ಕಾಯಿಲೆಗೂ ಅವನದು ಅದೇ ಕಷಾಯ. ಮಾಡಲಿಲ್ಲ. ಹಾಗೇ ಬಿಟ್ಟು ಬಂದೆ.

ಅ. 9

ಧರ್ಮಪುರಿ ಕಾಲ್. ತೊಪ್ಪೂರು ಘಾಟಿನಲ್ಲಿ ಲಾರಿ ಮಗುಚಿ ಟ್ರಾಫಿಕ್ ಜಾಮ್. ಅಂಜಮ್ಮ ಫೋನ್ ಮಾಡಿದರು, ಎತ್ತಲಿಲ್ಲ. ಏನು ಹೇಳಲಿ…

ಅ. 13

ಸಿಕ್ಕಿತು! ಕಂಪ್ಯೂಟರಿಗೆ ಹಾಕಿದ್ದ ಚೆಂಡುಹೂವಿನ ಹಾರ ಇನ್ನೂ ಹಾಗೇ ಇತ್ತು. ಸರಿಸಿದರೆ ಹಿಂದೆ ಒಂದು ಪೆನ್ ಡ್ರೈವ್. ಮೇಲೆ ಕುಂಕುಮ.

"ಅವ್ರ ಸಾಮಾನು. ಅದುಕ್ಕೂ ಪೂಜೆ ಆಗ್ಲಿ ಅಂತ ಸಿಕ್ಸಿದ್ದೆ. ಆಮ್ಯಾಕೆ ಕೀಳಕ್ಕೆ ಮನ್ಸು ಬರ್ಲಿಲ್ಲ."

ಆನ್ ಆದೊಡನೆ ಮೊದಲು ಏಳುವ ಬಯೋಸ್, ಸಿಸ್ಟಮನ್ನು ಡಿಸ್ಕಿನಿಂದ ಎಬ್ಬಿಸುವ ಲೋಡರಿನ ಕೈಗೆ ಒಂದು ನಂಬರ್ ಕೊಡುತ್ತದೆ — ನೀನು ಬಂದದ್ದು ಈ ಡಿಸ್ಕಿನಿಂದ ಎಂದು. ನಮ್ಮ ಕಂಪನಿಯ ಹಳೇ ಲೋಡರ್ ಅದನ್ನು ನೋಡುವುದೇ ಇಲ್ಲ. ಸದಾ ಮೊದಲನೇ ಡಿಸ್ಕಿಗೇ ಹೋಗುತ್ತದೆ. ಪೆನ್ ಡ್ರೈವ್ ಚುಚ್ಚಿದ ಮೇಲೆ ಅದು ಮೊದಲನೆಯದು, ಹಾರ್ಡ್ ಡಿಸ್ಕ್ ಎರಡನೆಯದು. ತನ್ನ ಮನೆ ಬಿಟ್ಟು ಪಕ್ಕದ ಮನೆಯಲ್ಲಿ ಹುಡುಕಿದರೆ ಏನು ಸಿಗುತ್ತದೆ?

ಕಿತ್ತೆ. ಆನ್ ಮಾಡಿದೆ. ಪಳನಿ ಬರೆದ ನವಿಲಿನ ಡಿಸೈನ್ ಬಂತು. ಅಂಜಮ್ಮ ಪರದೆಯನ್ನು ಸವರಿ ಅತ್ತರು. ಮೊದಲು ಕಾಪಿ ತೆಗೆದುಕೊಂಡೆ.

ಅವರು ಕಣ್ಣೊರೆಸಿಕೊಂಡು, "ಅದ್ನ ತಿರ್ಗಾ ಅಲ್ಲೇ ಸಿಕ್ಸು, ಕಣ್ಣು. ಪೂಜೆ ಆಗೈತೆ."

ಸಿಕ್ಕಿಸಿದರೆ ಮತ್ತೆ ಏಳುವುದಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ.

ಅ. 14

ಲೋಡರನ್ನೇ ತಿದ್ದಿದೆ. ಕೈಗೆ ಕೊಟ್ಟ ನಂಬರನ್ನು ನೋಡು, ಅಷ್ಟೇ. ಮಾಧವನಿಗೆ ಹೇಳಿಲ್ಲ, ಬೈದುಕೊಳ್ಳಲಿ. ಈಗ ಪೆನ್ ಡ್ರೈವ್ ಇದ್ದರೂ ಏಳುತ್ತದೆ. ದೀಪಾವಳಿ ಸೀರೆಗೆ ಮಗ್ಗ ಹೂಡಿದರು. ಬೆನ್ನು ಮುರಿದುಹೋಗಿದೆ.

ಸಿಕ್ಕಿಸುವ ಮೊದಲು ಪೆನ್ ಡ್ರೈವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದ್ದೆ. ಖಾಲಿ. ಪಳನಿ ತಂದಿಟ್ಟಿದ್ದಷ್ಟೇ, ಒಂದು ಫೈಲೂ ಹಾಕಿರಲಿಲ್ಲ.

ಹೊರಡುವಾಗ ಅಂಜಮ್ಮ ಕಾಫಿ ಕೊಟ್ಟು ಪಕ್ಕದಲ್ಲೇ ಕುಳಿತರು. "ಅದ್ರಾಗೆ ಅವ್ರು ಏನು ಮಡ್ಗವ್ರೆ, ಕಣ್ಣು?"

ನಾನು ಕಾಫಿ ಲೋಟ ಕೆಳಗಿಟ್ಟು, ಪರದೆಯ ಮೇಲಿನ ನವಿಲನ್ನು ತೋರಿಸಿದೆ.