ಕಾಲಲ್ಲಿ ಛಲ್ಲಾ ಇಲ್ಲದ್ದು

ಶಹಾಬಾದ್
ಶನಿವಾರ, ೩೧ ಜನವರಿ ೨೦೨೬

ವಾಡಿಯವರಿಗೆ,

ನೀವು ಆರಾಮ ಇದ್ದೀರೆಂದು ನಿಮ್ಮ ತಂಗಿ ಮಹೆಕ್ ಹೇಳಿದಳು. ನಿಮ್ಮ ಡ್ರೋನ್ ಕೂಡ ಆರಾಮವಾಗಿದೆ. ಒಂದು ರೆಕ್ಕೆ ಮುರಿದಿದೆ, ಅಷ್ಟೇ. ಈಗ ಅದು ನಮ್ಮ ಮಾಳಿಗೆಯ ಮೇಲೆ, ಪಾರಿವಾಳದ ಗೂಡಿನ ಕೆಳಗಿನ ಖಾನೆಯಲ್ಲಿ, ಅಬ್ಬಾನ ಹಳೆಯ ರುಮಾಲು ಹೊದ್ದು ಮಲಗಿದೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ಸುಮ್ಮನಿರುತ್ತೀರಿ, ನಿಮ್ಮ ಹಿಂದೆ ರೈಲು ಹೋಗುವ ಸಪ್ಪಳ ಕೇಳಿಸುತ್ತದೆ, ಕೊನೆಗೆ ನಾನೇ ಇಡುತ್ತೇನೆ. ಮನೆಮಾತಿನಲ್ಲಿ ಬರೆದರೆ ಜಗಳದ ಧಾಟಿ ಬಂದುಬಿಡುತ್ತದೆ. ಅದಕ್ಕೇ ನಾವಿಬ್ಬರೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನಗೆ ಸಿಟ್ಟು ನಿಧಾನಕ್ಕೆ ಬರುತ್ತದೆ.

ಅದು ಇಳಿದದ್ದು ಮಂಗಳವಾರ ಸಂಜೆ. ಗಾಳಿ ಇತ್ತು. ಪಾರಿವಾಳಗಳು ಸುತ್ತು ಮುಗಿಸಿ ಬಂದು ಜೋಳ ತಿನ್ನುತ್ತಿದ್ದವು. ನಿಮ್ಮದು ಹಳೆಯ ಕಲ್ಲಿನ ಖಣಿಯ ಕಡೆಯಿಂದ ಓಲಾಡುತ್ತ ಬಂದು ಅವುಗಳ ನಡುವೆಯೇ ಕುಳಿತುಬಿಟ್ಟಿತು. ದಿನಾ ನೋಡಿ ರೂಢಿಯಾಗಿತ್ತೋ ಏನೋ, ಹಕ್ಕಿಗಳು ಹಾರಿಹೋಗಲಿಲ್ಲ. ಊಟಕ್ಕೆ ತಡವಾಗಿ ಬಂದ ನೆಂಟರಿಗೆ ಜಾಗ ಬಿಡುವಂತೆ ಸ್ವಲ್ಪ ಸರಿದವು.

ಅಬ್ಬಾ ಅದನ್ನು ಎತ್ತಿಕೊಂಡು, ಹೊಟ್ಟೆ ಮೇಲೆ ಮಾಡಿ, ಹಕ್ಕಿಯನ್ನು ನೋಡುವ ಹಾಗೆಯೇ ನೋಡಿದರು. ಕಾಲಾಗ ಛಲ್ಲಾ ಇಲ್ಲ, ರೆಕ್ಕಿಗಿ ರಂಗ ಇಲ್ಲ, ಹಂಗಾದ್ರ ಇದು ನಮ್ದೇ ಆತು ನೋಡು ಎಂದರು. ನಮ್ಮ ಮಾಳಿಗೆಯ ಕಾಯ್ದೆ ನಿಮಗೆ ಗೊತ್ತಿದೆ. ಚಿತ್ತಾಪುರದ ಅಮೀರ್ ಅಲಿಯವರ ಬಿಳಿ ಹಕ್ಕಿ ದಾರಿ ತಪ್ಪಿ ಬಂದಾಗ ನೀವೂ ಇಲ್ಲೇ ಇದ್ದಿರಿ. ಕಾಲಿನ ಉಂಗುರದಲ್ಲಿ ಗುರುತಿದ್ದರೆ ಹಕ್ಕಿಯನ್ನು ಇಟ್ಟುಕೊಂಡು ಹೇಳಿ ಕಳಿಸಬೇಕು. ಮಾಲೀಕರು ಬಂದು, ಕುಳಿತು, ಚಹಾ ಕುಡಿದು, ತಮ್ಮ ಹಕ್ಕಿಯನ್ನು ಎದೆಗೆ ಅವಚಿಕೊಂಡು ಹೋಗಬೇಕು. ಗುರುತಿಲ್ಲದಿದ್ದರೆ ಅದು ಇಳಿದ ಮಾಳಿಗೆಯದು. ಈ ಕಾಯ್ದೆಯ ಮೇಲೆ ಊರಲ್ಲಿ ಯಾರೂ ಇದುವರೆಗೆ ಜಗಳವಾಡಿಲ್ಲ. ಅಬ್ಬಾ ಈಗ ಅದನ್ನು ಕಿವುಡಾ ಎಂದು ಕರೆಯುತ್ತಾರೆ. ಎಷ್ಟು ಸೀಟಿ ಹೊಡದ್ರೂ ತಿರುಗಿ ನೋಡಂಗಿಲ್ಲ ಸುವ್ವರ್ ಎಂದು ದಿನಾ ಬೆಳಿಗ್ಗೆ ಪ್ರೀತಿಯಿಂದ ಬೈಯುತ್ತಾರೆ. ಅದು ಯಾರದೆಂದು ಅವರಿಗೆ ಗೊತ್ತಿಲ್ಲ. ನಾನು ಹೇಳಿಲ್ಲ.

ನೀವು ಮಹೆಕ್ ಕೈಲಿ ಬಾರೆಹಣ್ಣು ಕೊಟ್ಟು, ಒಂದು ಮಾತನ್ನೂ ಕೊಟ್ಟು ಕಳಿಸಿದಿರಿ. ಓಣಿಯವರು ಶೋಕಿಗೆ ಡ್ರೋನ್ ಹಾರಿಸುವವರ ಹೆಸರು ಕೂಡ ಠಾಣೆಯಲ್ಲಿ ನೋಂದಾಯಿಸಬೇಕೆಂದು ಅರ್ಜಿ ಕೊಡುತ್ತಿದ್ದಾರಂತೆ, ನೀನು ಅದಕ್ಕೆ ಸಹಿ ಹಾಕಬೇಡ, ಎಂದು. ಅದು ಆಟದ ಸಾಮಾನು, ಪತಂಗ ಇದ್ದಂಗ, ಪತಂಗಕ್ಕ ಯಾರರ ಹೆಸರು ಬರಸ್ತಾರೇನು ಭಾಬಿ, ಎಂದು ಮಹೆಕ್ ನಿಮ್ಮದೇ ದನಿಯಲ್ಲಿ ಕೇಳಿದಳು. ನಮ್ಮಂಥವರ ಹೆಸರು ಒಮ್ಮೆ ಠಾಣೆಯ ಪುಸ್ತಕ ಸೇರಿದರೆ ಊರಲ್ಲಿ ಏನೇ ಆದರೂ ಮೊದಲು ಕರೆಯುವುದು ನಮ್ಮನ್ನೇ ಎಂದೂ ನೀವು ಹೇಳಿದಿರಂತೆ. ಆ ಹೆದರಿಕೆ ಸುಳ್ಳಲ್ಲ. ನನಗೂ ಇದೆ.

ಪತಂಗದ ಮಾತಿಗೆ ಮಾತ್ರ ನನ್ನ ಬಳಿ ಉತ್ತರವಿದೆ. ಪತಂಗಕ್ಕೆ ದಾರ ಇರುತ್ತದೆ. ಎಷ್ಟೇ ಮೇಲೆ ಹೋಗಲಿ, ದಾರದ ಗುಂಟ ನಡೆದರೆ ಕೊನೆಯಲ್ಲಿ ಯಾರದೋ ಕೈ ಸಿಗುತ್ತದೆ. ನಿಮ್ಮದಕ್ಕೆ ದಾರವಿಲ್ಲ. ಹೆಸರೇ ಅದರ ದಾರ ಎಂದು ನನಗನ್ನಿಸುತ್ತದೆ.

ಪಕ್ಕದ ಮನೆಯ ಸಮ್ರೀನ್ ನಿಮಗೆ ನೆನಪಿರಬೇಕು, ಜಾನಬಿಯವರ ಮಗಳು. ಅವಳಿಗೆ ಮಾರ್ಚಿನಲ್ಲಿ ಪರೀಕ್ಷೆ. ಕೆಳಗೆ ಟಿವಿ, ಹೊಲಿಗೆ ಮಷಿನ್ನು, ಅಣ್ಣಂದಿರು; ಓದಲು ಅವಳಿಗಿದ್ದದ್ದು ಮಾಳಿಗೆಯ ಮೇಲಿನ ಆ ಒಂದು ಹಗ್ಗದ ಹೊರಸು. ಆಕಾಶದಲ್ಲಿ ನಿಮ್ಮದು ಕಾಣಿಸತೊಡಗಿದ ಮೇಲೆ ಜಾನಬಿ ಅವಳನ್ನು ಮೇಲೆ ಬಿಡುತ್ತಿಲ್ಲ. ಮುಗಿಲಿಗೂ ಕಣ್ಣು ಬಂದಾವ, ಇನ್ನ ಮಾಳಿಗಿಗೂ ಬುರ್ಖಾ ಹೊಲಿಸ್ಲೇನು ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಮೊದಲು ನಾವೆಲ್ಲ ನಕ್ಕೆವು. ಆಮೇಲೆ ನಗು ನಿಂತಿತು. ಹೆಸರಿಲ್ಲದ ವಸ್ತುವಿಗೆ ಜನ ತಾವೇ ಒಂದು ಹೆಸರು ಹುಡುಕುತ್ತಾರೆ. ಈಗ ಅದು ಕಲೀಮನದು ಎನ್ನುತ್ತಿದ್ದಾರೆ. ಮದುವೆಗಳಲ್ಲಿ ವಿಡಿಯೊ ತೆಗೆಯುತ್ತಾನೆ, ಸಮ್ರೀನಳ ಜೊತೆ ಓದಿದವನು, ಇಷ್ಟೇ ಸಾಕಾಯಿತು. ಅವನ ಹತ್ತಿರ ಡ್ರೋನೇ ಇಲ್ಲ. ಬರುವ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಓಣಿಯವರು ಸೇರುತ್ತಾರೆ. ಹಿರಿಯರೆಂದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅಂಗಡಿಯ ಖಂಡಪ್ಪನವರನ್ನೂ ಕರೆದಿದ್ದಾರೆ. ಕಲೀಮನನ್ನು ನಡುವೆ ನಿಲ್ಲಿಸಿ ಕೇಳುತ್ತಾರಂತೆ. ಅವನು ಹೌದೆಂದರೂ ಅಲ್ಲವೆಂದರೂ ಸಮ್ರೀನಳ ಕಾಲೇಜು ಅಂದೇ ಮುಗಿಯುತ್ತದೆ.

ಅದು ನಿಮ್ಮದೆಂದು ನನಗೆ ಹೇಗೆ ಗೊತ್ತಾಯಿತೆಂದು ನೀವು ಯೋಚಿಸುತ್ತಿರಬಹುದು. ಅದು ನೇರವಾಗಿ ಮಾಳಿಗೆಯ ಮೇಲೆ ಬರುತ್ತಿರಲಿಲ್ಲ. ಮೂಲೆಯಲ್ಲಿ, ಜಾಲಿಗಿಡದ ಮೇಲೆ ನಿಲ್ಲುತ್ತಿತ್ತು. ಮದುವೆ ನಿಶ್ಚಯವಾದ ದಿನಗಳಲ್ಲಿ ನೀವು ಸ್ಕೂಟರನ್ನು ಮನೆಯ ಮುಂದೆ ತರದೆ ಅದೇ ಮೂಲೆಯಲ್ಲಿ ನಿಲ್ಲಿಸಿ, ನಾನು ನಡೆದು ಬರಲೆಂದು ಕಾಯುತ್ತಿದ್ದಿರಿ. ಬಾಗಿಲವರೆಗೆ ಬಾರದೆ ಹಾಗೆ ನಿಲ್ಲುವವರು ಈ ಸೀಮೆಯಲ್ಲಿ ಬೇರೆ ಯಾರೂ ಇಲ್ಲ.

ನಾನು ಗ್ರಂಥಾಲಯದ ಕೆಲಸ ಬಿಡಬೇಕೆಂದು ನಿಮ್ಮ ಅಮ್ಮಿ ಹೇಳಿದ ದಿನ ನಾನು ನಿಮ್ಮ ಮುಖ ನೋಡಿದೆ. ನೀವು ಕಿಟಕಿಯ ಹೊರಗೆ ನೋಡಿದಿರಿ. ನಾನು ಪೆಟ್ಟಿಗೆ ಹಿಡಿದು ತವರಿಗೆ ಹೊರಟಾಗ ನೀವು ಮಾಳಿಗೆಯ ಮೇಲಿದ್ದಿರಿ, ಕೆಳಗೆ ಬರಲಿಲ್ಲ. ಆಮೇಲೆ ನಿಮ್ಮ ಬದಲಿಗೆ ಮಹೆಕ್ ಬಂದಳು, ಹಬ್ಬದ ಬಟ್ಟೆ ಬಂತು, ಬಾರೆಹಣ್ಣು ಬಂತು. ಕೊನೆಗೆ ಇದು, ಗಾಳಿಯಲ್ಲಿ ತೂಗುವ ಒಂದು ಕಣ್ಣು. ನೀವು ಮಾತ್ರ ಬರಲಿಲ್ಲ.

ನಾನು ಬರೀ ಸಿಟ್ಟಾಗಿದ್ದೇನೆಂದು ತಿಳಿಯಬೇಡಿ. ಗ್ರಂಥಾಲಯದಿಂದ ತಂದ ದೂರದೇಶದ ಕಾದಂಬರಿಗಳಲ್ಲಿ ಹಿಮ ಬಿದ್ದ ಊರು ಬಂದಾಗಲೆಲ್ಲ ನನಗೆ ಕಾಣುವುದು ಸಿಮೆಂಟಿನ ಧೂಳು ಕೂತ ವಾಡಿಯ ಮಾಳಿಗೆಗಳೇ. ಅನುವಾದಕರು ಹಿಮ ಎಂದು ಬರೆಯುತ್ತಾರೆ, ನಾನು ನಿಮ್ಮ ಮನೆಯ ಮೇಲೆ ನಡೆಯುತ್ತಿರುತ್ತೇನೆ. ನಿಮ್ಮದು ಮೇಲೆ ನಿಂತಾಗ ನಾನು ಕಣ್ಣು ಮುಚ್ಚಿ ಅದರೊಳಗಿಂದ ನೋಡಲು ಯತ್ನಿಸುತ್ತಿದ್ದೆ. ನೀರು ತುಂಬಿದ ಖಣಿಗಳು, ಯಾರೋ ಕನ್ನಡಿಗಳನ್ನು ಕೆಳಗಿಟ್ಟು ಮರೆತುಹೋದಂತೆ. ಅವುಗಳ ನಡುವೆ ರೈಲು ಹಳಿಯ ಸಣ್ಣ ಗೆರೆ. ಕೊಯ್ದ ತೊಗರಿಯ ಹೊಲಗಳು. ಬಿಳಿ ಮಾಳಿಗೆಯೊಂದರ ಮೇಲೆ ಪಾರಿವಾಳಗಳು, ಅವುಗಳ ಪಕ್ಕದಲ್ಲಿ ಒಂದು ಹಸಿರು ಚುಕ್ಕೆ. ಅದು ನಾನು. ಅಷ್ಟು ಎತ್ತರದಿಂದ ನನಗೆ ಮುಖವೂ ಇರಲಿಕ್ಕಿಲ್ಲ. ನೀವು ಏನನ್ನು ನೋಡುತ್ತಿದ್ದಿರಿ?

ಮುಖ್ಯ ಮಾತು ಇದು. ಶುಕ್ರವಾರ ನೀವು ಬನ್ನಿ. ಮೂಲೆಯವರೆಗಲ್ಲ, ಬಾಗಿಲವರೆಗೆ. ಎಲ್ಲರ ಮುಂದೆ ಇದು ನನ್ನದು, ಸಮ್ರೀನಳನ್ನು ನಾನು ನೋಡಿಲ್ಲ, ನೋಡಿದ್ದು ನನ್ನ ಹೆಂಡತಿಯನ್ನು ಎಂದು ಹೇಳಿ. ಜಾನಬಿ ಬೈಯುತ್ತಾರೆ, ಬೈಸಿಕೊಳ್ಳಿ. ಅಬ್ಬಾ ಚಹಾ ಕೊಡುತ್ತಾರೆ, ಕುಡಿಯಿರಿ. ನೋಂದಣಿಗೆ ಠಾಣೆಗೆ ಹೋಗುವಾಗ ನಾನು ಜೊತೆಗೆ ಬರುತ್ತೇನೆ. ನಿಮ್ಮ ಹೆಸರು ಅಲ್ಲಿ ಒಂಟಿಯಾಗಿ ಇರುವುದು ಬೇಡವೆಂದರೆ ಪಕ್ಕದಲ್ಲಿ ನನ್ನದನ್ನೂ ಬರೆಯಲು ಕೇಳುತ್ತೇನೆ. ಅರ್ಜಿಗೆ ನಾನು ಸಹಿ ಹಾಕಿಯಾಗಿದೆ.

ನೀವು ಬರದಿದ್ದರೆ ಕಲೀಮ ಬಾಯಿ ತೆರೆಯುವ ಮೊದಲು ನಾನು ಎದ್ದು ನಿಮ್ಮ ಹೆಸರು ಹೇಳುತ್ತೇನೆ. ನಮ್ಮ ಅಮ್ಮಿ ಸಾಯುವತನಕ ಅಬ್ಬಾನ ಹೆಸರು ಬಾಯಲ್ಲಿ ತರಲಿಲ್ಲ, ನಾನೂ ನಿಮ್ಮದನ್ನು ತಂದಿಲ್ಲ. ಮೊದಲ ಸಲ ಹೇಳುವುದು ಓಣಿಯವರ ಮುಂದೆ, ದೂರಿನ ಹಾಗೆ ಆಗುವುದು ಬೇಡ.

ಸದ್ಯಕ್ಕೆ ಬಂದೇಅಲಿಯವರ ಮಗಳು,
ತಬಸ್ಸುಮ್

ಮರೆತದ್ದು: ಸಂಜೆ ಅದು ಬರುವ ಹೊತ್ತಿಗೆ ನಾನು ದಿನಾ ಬಟ್ಟೆ ಹರವುತ್ತಿದ್ದೆನಲ್ಲ, ಅವು ಮಧ್ಯಾಹ್ನವೇ ಒಣಗಿರುತ್ತಿದ್ದವು. ಮತ್ತೆ ನೀರಲ್ಲಿ ಅದ್ದಿ ತಂದು ಹಾಕುತ್ತಿದ್ದೆ. ಇದು ಸಮ್ರೀನಳಿಗೆ ಗೊತ್ತಾಗಬಾರದು.

ಇನ್ನೊಂದು. ಲಕೋಟೆಯ ಮೇಲೆ ವಾಡಿಯವರಿಗೆ ಎಂದಷ್ಟೇ ಬರೆದರೆ ಅಂಚೆಯವರು ಯಾರ ಮನೆಗೆ ಕೊಡಬೇಕು? ಹಾಗಾಗಿ ಹೆಸರು ಪೂರ್ತಿ ಬರೆದೆ. ಬರೆದ ಮೇಲೆ ಮಾಳಿಗೆಗೆ ಹೋಗಿ, ಯಾರೂ ಇಲ್ಲದಾಗ, ಒಮ್ಮೆ ಬಾಯಿಬಿಟ್ಟು ಹೇಳಿಯೂ ನೋಡಿದೆ. ಫರ್ಹಾನ್. ಪಾರಿವಾಳಗಳೆಲ್ಲ ಒಟ್ಟಿಗೆ ಮೇಲೆದ್ದವು. ಕಿವುಡಾ ಮಾತ್ರ ರುಮಾಲಿನೊಳಗೆ ಸುಮ್ಮನಿತ್ತು.